ಅಟ್ಟದ ಮೇಲಿನ ಕಾಂಟ್ರಾ, ಕಪಾಟಿನ ಪಿಎಸ್2: ಹಳೆ ವಿಡಿಯೋ ಗೇಮ್‌ಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಕೊಳ್ಳಬೇಕು

ಹಳೆ ವಿಡಿಯೋ ಗೇಮ್ ವಿಷಯಕ್ಕೆ ಬಂದರೆ ನಮ್ಮ ಕಾರವಾರ, ಕುಮಟಾ, ಶಿರಸಿ ಕಡೆ ಜನ ಕೇಳುವುದು ಎರಡೇ ಪ್ರಶ್ನೆ. ಅಟ್ಟದ ಮೇಲೆ ಹಳೆ ಸೆಟ್ ಒಂದು ಬಿದ್ದಿದೆ, ಇಟ್ಟುಕೊಳ್ಳಲಾ, ಮಾರಲಾ? ಇಲ್ಲವೇ, ಇದ್ದ ಸೆಟ್ ಯಾವತ್ತೋ ಗುಜರಿಗೆ ಹೋಯ್ತು, ಈಗ ಕೈಯಲ್ಲಿ ಸ್ವಲ್ಪ ದುಡ್ಡಿದೆ, ಏನು ತಗೊಂಡರೆ ಸರಿ?

ಉತ್ತರ ನಿಮಗೆ ಅದು ಯಾಕೆ ಬೇಕು ಅನ್ನುವುದರ ಮೇಲಿದೆ. ಕೂತು ಆಡಬೇಕು ಅಂತ ಆಸೆಯಾ? ಬಾಲ್ಯದ ವಸ್ತು ಕಣ್ಣೆದುರು ಇರಲಿ ಅಂತಲಾ? ಅಥವಾ ಮುಂದೆ ಬೆಲೆ ಏರುತ್ತದೆ ಅನ್ನುವ ಲೆಕ್ಕವಾ? ಈ ಮೂರೂ ಒಂದೇ ವಸ್ತುವಿನಲ್ಲಿ ಸಿಗುವುದು ತೀರಾ ಕಡಿಮೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆಯ ಮನೆಗಳಲ್ಲಿ ಉಳಿದಿರುವ ಹೆಚ್ಚಿನ ಸೆಟ್‌ಗಳಿಗೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲ. ಅವನ್ನು ಮಾರುವುದಕ್ಕಿಂತ ರಿಪೇರಿ ಮಾಡಿಸಿ ಇಟ್ಟುಕೊಳ್ಳುವುದೇ ಲಾಭ. ದುಡ್ಡು ಹಾಕಿ ಸಂಗ್ರಹ ಶುರು ಮಾಡುವವರಿಗೆ ಮಾತ್ರ ಬೇರೆ ದಾರಿ ಇದೆ, ಅದನ್ನೂ ಹೇಳುತ್ತೇನೆ.

ಮೊದಲು ಆ ಕೋಟಿ ರೂಪಾಯಿ ಸುದ್ದಿಯನ್ನು ಬದಿಗಿಡೋಣ. 2021ರ ಜುಲೈನಲ್ಲಿ ಅಮೆರಿಕದ ಹೆರಿಟೇಜ್ ಆಕ್ಷನ್ಸ್ ಹರಾಜಿನಲ್ಲಿ ಸೂಪರ್ ಮಾರಿಯೋ 64ರ ಸೀಲ್ ಒಡೆಯದ ಒಂದು ಪ್ರತಿ 15.6 ಲಕ್ಷ ಡಾಲರಿಗೆ ಹೋಯಿತು. ಮರು ತಿಂಗಳೇ ಸೂಪರ್ ಮಾರಿಯೋ ಬ್ರದರ್ಸ್‌ನ ಒಂದು ಪ್ರತಿ 20 ಲಕ್ಷ ಡಾಲರ್ ಮುಟ್ಟಿತು. ಈ ಸುದ್ದಿ ಮೊಬೈಲ್‌ಗೆ ಬಂದಾಗಿನಿಂದ ನಮ್ಮಲ್ಲೂ ಮಾರಿಯೋ ಕ್ಯಾಸೆಟ್ ಇಟ್ಟುಕೊಂಡವರಿಗೆಲ್ಲ ಆಸೆ ಹುಟ್ಟಿದೆ. ಆದರೆ ಅವು ಅಂಗಡಿಯಿಂದ ಬಂದ ಹಾಗೇ, ಪ್ಲಾಸ್ಟಿಕ್ ಸುತ್ತಿದ್ದು ಒಂಚೂರೂ ಹರಿಯದೆ ಉಳಿದಿದ್ದ ಪ್ರತಿಗಳು. ಗ್ರೇಡಿಂಗ್ ಕಂಪನಿಯೊಂದು ಅಂಕ ಕೊಟ್ಟು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟವು. ಬಿಡಿ ಮಾರಿಯೋ ಕ್ಯಾಸೆಟ್ ಜಗತ್ತಿನಲ್ಲಿ ಬೇಕಾದಷ್ಟಿದೆ, ಸೂಪರ್ ಮಾರಿಯೋ ಬ್ರದರ್ಸ್ ಮಾರಾಟವಾದದ್ದೇ 4 ಕೋಟಿಗೂ ಜಾಸ್ತಿ ಪ್ರತಿ. 2021ರ ಆ ಜ್ವರ ಆಮೇಲೆ ಇಳಿಯಿತು, ಬೆಲೆಗಳೂ ಇಳಿದವು. ಬರೀ ಹೂಡಿಕೆ ಅಂತ ಸೀಲ್ ಪ್ರತಿ ಕೊಳ್ಳುವುದಕ್ಕೆ ನಾನು ಯಾರಿಗೂ ಹೇಳುವುದಿಲ್ಲ. ಗ್ರೇಡಿಂಗ್‌ಗೆ ಅಮೆರಿಕಕ್ಕೆ ಕಳಿಸಬೇಕು, ವಾಪಸ್ ಬರುವಾಗ ಕಸ್ಟಮ್ಸ್ ಕಾಟ, ಬಂದ ಮೇಲೆ ಅದನ್ನು ತೆರೆಯುವಂತೆಯೂ ಇಲ್ಲ. ಆಟವನ್ನು ಪ್ರೀತಿಸುವವರಿಗೆ ಅದರಲ್ಲಿ ಏನು ಖುಷಿ ಹೇಳಿ?

ಮನೆಯಲ್ಲೇ ಇರುವ ಟಿವಿ ಗೇಮ್

ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಬಂದದ್ದು ಬಹುತೇಕ ಜಪಾನಿನ ನಿಂಟೆಂಡೊ ಕಂಪನಿಯ ಆಟದ ಸೆಟ್ಟಿನ ನಕಲುಗಳು. ಮೂಲ ಯಂತ್ರದ ಹೆಸರು ಫ್ಯಾಮಿಕಾಂ, ಜಪಾನಿನಲ್ಲಿ 1983ರ ಜುಲೈ 15ರಂದು ಬಂತು. ಅದರ ನಕಲುಗಳೇ ಲಿಟಲ್ ಮಾಸ್ಟರ್, ಟರ್ಮಿನೇಟರ್, ಮೈಕ್ರೋ ಜೀನಿಯಸ್, ಮತ್ತೆ ಹೆಸರೇ ಇಲ್ಲದ ನೂರಾರು ಸೆಟ್‌ಗಳು. ಕೆಲವಕ್ಕೆ ಪ್ಲೇಸ್ಟೇಷನ್ ತರಹದ್ದೇ ದುಂಡು ಮುಚ್ಚಳ, ಎತ್ತಿ ನೋಡಿದರೆ ಒಳಗೆ ಕ್ಯಾಸೆಟ್ ಕಿಂಡಿ! ಶಿರಸಿಯವರಿಗೆ ಇದು ಮಾರಿಕಾಂಬಾ ಜಾತ್ರೆಯ ಜೊತೆ ಸೇರಿಕೊಂಡ ನೆನಪು. ಎರಡು ವರ್ಷಕ್ಕೊಮ್ಮೆ ಬಿಡಕಿಬೈಲಿನಲ್ಲಿ ಅಂಗಡಿ ಸಾಲು ಬಿದ್ದಾಗ ಆಟಿಕೆ ಅಂಗಡಿ ಮುಂದೆ ನಿಂತು ಅಪ್ಪನ ಕೈ ಎಳೆಯದ ಮಕ್ಕಳು ಕಡಿಮೆ. ಕರಾವಳಿಯವರಿಗೆ ಭಟ್ಕಳ. ಗಲ್ಫ್‌ನಿಂದ ಬಂದ ಸಾಮಾನು ಅಲ್ಲಿನ ಮಾರ್ಕೆಟ್‌ನಲ್ಲಿ ಸಿಗುತ್ತಿತ್ತು, ಆಟದ ಸೆಟ್‌ಗಳೂ ಹಾಗೇ ಬಂದವು. ಕಾರವಾರದಿಂದಾದರೆ ಗೋವಾಕ್ಕೇ ಹೋಗಿ ತರುವವರಿದ್ದರು.

ಈ ನಕಲು ಸೆಟ್‌ಗಳನ್ನು ಮಾರಲು ಹೋದರೆ ಸಿಗುವುದು ಚಿಲ್ಲರೆ ಕಾಸು. ಅಂಥದ್ದೇ ಹೊಸ ಸೆಟ್ ಇವತ್ತಿಗೂ ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ, ಹಳೆಯದಕ್ಕೆ ಯಾರು ಜಾಸ್ತಿ ಕೊಡುತ್ತಾರೆ? ಆದರೆ ಕೊಡುವ ಮೊದಲು ಒಂದು ಸಲ ಹೆಸರು ನೋಡಿ. ಮೇಲೆ ಸಮುರಾಯ್ ಅಂತ ಬರೆದಿದ್ದರೆ ನಿಲ್ಲಿಸಿ. ಆಗ ಎಲೆಕ್ಟ್ರಾನಿಕ್ಸ್ ಆಮದಿಗೆ ನಿರ್ಬಂಧ ಇದ್ದಿದ್ದರಿಂದ ನಿಂಟೆಂಡೊದ ಸೆಟ್ಟನ್ನು ಲೈಸೆನ್ಸ್ ಪಡೆದು ಭಾರತದಲ್ಲೇ ಜೋಡಿಸಿ ಸಮುರಾಯ್ ಹೆಸರಲ್ಲಿ ಮಾರಿದರು. ಅದು ನಕಲು ಅಲ್ಲ, ಅಸಲಿ. ಹೊರದೇಶದ ಸಂಗ್ರಾಹಕರೂ ಹುಡುಕುವ ವಸ್ತು. ಡಬ್ಬಿ, ಪುಸ್ತಕ, ಎರಡೂ ಕಂಟ್ರೋಲರ್ ಇದ್ದರಂತೂ ಅದನ್ನು ಯಾರಿಗೂ ಸುಮ್ನೆ ಕೊಟ್ಟುಬಿಡಬೇಡಿ.

ಉಳಿದ ನಕಲು ಸೆಟ್‌ಗಳ ಬೆಲೆ ಏನಿದ್ದರೂ ನೆನಪಿನದ್ದು, ಆ ಬೆಲೆ ಚಿಕ್ಕದಲ್ಲ. 9999999 ಆಟ ಅಂತ ಬರೆದ ಹಳದಿ ಕ್ಯಾಸೆಟ್ ಹಾಕಿದರೆ ಬಂದೂಕು ಹಿಡಿದು ಓಡುವ ಕಾಂಟ್ರಾ ಆಟ ಒಂದೇ ಹತ್ತು ಹೆಸರಲ್ಲಿ ಬರುತ್ತಿತ್ತು. ಒಂದರಲ್ಲಿ ಜೀವ ಜಾಸ್ತಿ, ಇನ್ನೊಂದರಲ್ಲಿ ಸೀದಾ ಮುಂದಿನ ಹಂತ. ಬ್ಯಾಟಲ್ ಸಿಟಿಯ ಟ್ಯಾಂಕು, ರೋಡ್ ಫೈಟರ್, ಐಸ್ ಕ್ಲೈಂಬರ್, ಸರ್ಕಸ್ ಚಾರ್ಲಿ, ಇವನ್ನೆಲ್ಲ ಅಣ್ಣ ತಮ್ಮ ಅಕ್ಕ ತಂಗಿ ಸೇರಿ ಆಡಿದ್ದು ಈ ಸೆಟ್‌ನಲ್ಲೇ. ಅಸಲಿ ಫ್ಯಾಮಿಕಾಂ ತಂದು ಕೊಟ್ಟರೂ ಆ ಹಳದಿ ಕ್ಯಾಸೆಟ್ಟಿನ ಮೆನು, ಅದರ ಹಿಂದೆ ಬರುವ ಕೀರಲು ಸಂಗೀತ ಸಿಗುವುದಿಲ್ಲ. ಹಾಗಾಗಿ ಮನೆಯಲ್ಲಿ ಇದ್ದರೆ ಇಟ್ಟುಕೊಳ್ಳಿ ಅನ್ನುತ್ತೇನೆ.

ಚಾಲೂ ಆಗದಿದ್ದರೆ ಗಾಬರಿ ಬೇಡ. ಮೊದಲು ಅಡಾಪ್ಟರ್ ನೋಡಿ. ಈ ಸೆಟ್‌ಗಳಲ್ಲಿ ಹೆಚ್ಚಿನವು 9 ವೋಲ್ಟ್ ಡಿಸಿ, ಮತ್ತು ಪಿನ್ನಿನ ಒಳಭಾಗ ನೆಗೆಟಿವ್ ಇರುವುದೇ ಜಾಸ್ತಿ. ಅಂಗಡಿಯಲ್ಲಿ ಸಿಗುವ ಈಗಿನ ಅಡಾಪ್ಟರ್‌ಗಳಲ್ಲಿ ಒಳಭಾಗ ಪಾಸಿಟಿವ್. ಪಿನ್ ಹೊಂದಿತು ಅಂತ ಚುಚ್ಚಿದರೆ ಸೆಟ್ ಸುಟ್ಟೀತು. ಸೆಟ್ಟಿನ ಹಿಂದೆ ಅಥವಾ ಕೆಳಗೆ ಸಣ್ಣ ಚಿತ್ರ ಇರುತ್ತದೆ, ಒಂದು ಚುಕ್ಕೆ, ಅದರ ಸುತ್ತ ಅರ್ಧ ವೃತ್ತ, ಅಕ್ಕಪಕ್ಕ ಪ್ಲಸ್ ಮತ್ತು ಮೈನಸ್. ಚುಕ್ಕೆಗೆ ಸೇರಿದ ಗುರುತು ಯಾವುದೋ ಅದೇ ಒಳಭಾಗದ್ದು.

ಆಮೇಲೆ ಕ್ಯಾಸೆಟ್. ನಾವೆಲ್ಲ ಬಾಯಿಂದ ಊದಿ ಹಾಕುತ್ತಿದ್ದೆವು ಅಲ್ವಾ? ಊದಿದ್ದಕ್ಕೆ ನಡೆಯಿತು ಅಂತ ಅನ್ನಿಸುತ್ತಿತ್ತು, ನಿಜಕ್ಕೂ ನಡೆದದ್ದು ತೆಗೆದು ಮತ್ತೆ ಕೂರಿಸಿದ್ದಕ್ಕೆ. ಬಾಯಿಯ ತೇವ ತಾಮ್ರದ ಪಟ್ಟಿಗೆ ಕೂತು ನಿಧಾನಕ್ಕೆ ತುಕ್ಕು ತರುತ್ತದೆ, ಕಡಲ ಗಾಳಿ ಇರುವ ಊರಲ್ಲಂತೂ ಇನ್ನೂ ಬೇಗ. ಕ್ಯಾಸೆಟ್ ಬಾಯಿಯನ್ನು ಬೆಳಕಿಗೆ ಹಿಡಿದು ನೋಡಿ, ಸಾಲಾಗಿ ಸಣ್ಣ ಪಟ್ಟಿಗಳು ಕಾಣುತ್ತವೆ. ಹೊಳೆಯುತ್ತಿದ್ದರೆ ಸರಿ. ಕಪ್ಪಗಾಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹತ್ತಿ ಕಡ್ಡಿ ಅದ್ದಿ ಒರೆಸಿ, ಕಡ್ಡಿ ಬೆಳ್ಳಗೆ ಬರುವ ತನಕ. ಹಸಿರು ಕಟ್ಟಿದ್ದರೆ ಮೊದಲು ಬಿಳಿ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ. ಮರಳು ಕಾಗದ ಮಾತ್ರ ಬೇಡವೇ ಬೇಡ. ಇಷ್ಟು ಮಾಡಿದರೆ ಬಹಳಷ್ಟು ಕ್ಯಾಸೆಟ್ ಎದ್ದು ಕೂರುತ್ತವೆ. ಏಳದಿದ್ದರೆ ತೆರೆದು ನೋಡಿ. ಒಳಗೆ ಕಾಲುಗಳಿರುವ ಚಿಪ್ ಇದ್ದರೆ ಬೆಸುಗೆ ಹಾಕಿ ಸರಿಮಾಡುವ ಆಸೆ ಇದೆ. ಕಪ್ಪು ಅಂಟಿನ ಗುಂಡು ಮಾತ್ರ ಇದ್ದರೆ ಚಿಪ್ ಅದರೊಳಗೇ ಹೂತಿದೆ, ಅದನ್ನು ರಿಪೇರಿ ಮಾಡಲು ಬರುವುದಿಲ್ಲ.

ಅಸಲಿ ಫ್ಯಾಮಿಕಾಂ ತರಿಸಬೇಕಾ?

ಕಾಂಟ್ರಾ ಹುಚ್ಚು ನಿಮಗೆ ತೀರಾ ಇದ್ದರೆ ಮಾತ್ರ. ಜಪಾನಿನ ಅಸಲಿ ಕಾಂಟ್ರಾ ಕ್ಯಾಸೆಟ್‌ನಲ್ಲಿ ಆ ಆಟ ಮಾಡಿದ ಕೊನಾಮಿ ಕಂಪನಿ ತನ್ನದೇ ಚಿಪ್ ಹಾಕಿತ್ತು. ಮೊದಲ ಹಂತದ ಕಾಡಿನಲ್ಲಿ ಮರದ ಎಲೆಗಳು ಗಾಳಿಗೆ ಅಲುಗಾಡುತ್ತವೆ, ಹಿಮದ ಹಂತದಲ್ಲಿ ಹಿಮ ಹಾರುತ್ತದೆ, ನಡುವೆ ಕಥೆಯ ದೃಶ್ಯಗಳೂ ಬರುತ್ತವೆ. ಅಮೆರಿಕದ ಕ್ಯಾಸೆಟ್‌ನಲ್ಲಿ ಇವು ಇಲ್ಲ. ಮೊದಲ ಸಲ ನೋಡಿದಾಗ ನನಗೆ ಪರಿಚಯದ ಊರಲ್ಲೇ ಹೊಸ ಬೀದಿ ಸಿಕ್ಕ ಹಾಗಾಯಿತು. ಇದು ಆಟಕ್ಕೂ ಸಂಗ್ರಹಕ್ಕೂ ಎರಡಕ್ಕೂ ಬೆಲೆ ಇರುವ ವಸ್ತು.

ತೊಡಕೂ ಇದೆ. ಜಪಾನಿನ ವಿದ್ಯುತ್ 100 ವೋಲ್ಟ್, ನಮ್ಮದು 230. ಅಲ್ಲಿನ ಅಡಾಪ್ಟರ್ ಸೀದಾ ನಮ್ಮ ಪ್ಲಗ್ಗಿಗೆ ಹಾಕಿದರೆ ಮುಗಿಯಿತು. ಹಳೆ ಫ್ಯಾಮಿಕಾಂನಿಂದ ಟಿವಿಗೆ ಹೋಗುವುದು ಆಂಟೆನಾ ಸಿಗ್ನಲ್, ಅದೂ ಜಪಾನಿನ ಚಾನೆಲ್ ಲೆಕ್ಕದ್ದು. ನಮ್ಮ ಟಿವಿಯಲ್ಲಿ ಅದು ಸರಿಯಾಗಿ ಹಿಡಿಯುವುದೇ ಕಷ್ಟ. ಎವಿ ಔಟ್ (ಹಳದಿ ಪಿನ್ನಿನ ತಂತಿಯಲ್ಲಿ ಟಿವಿಗೆ ಚಿತ್ರ ಕೊಡುವ ಕಿಂಡಿ) ಮಾಡಿಸಿದ ಸೆಟ್ ಕೊಳ್ಳುವುದು ವಾಸಿ. ಕ್ಯಾಸೆಟ್ ಮಾತ್ರ ತರಿಸಿ ಮನೆಯ ನಕಲು ಸೆಟ್‌ನಲ್ಲೇ ಹಾಕುವುದು ಇನ್ನೂ ಸುಲಭ. ಎರಡಕ್ಕೂ 60 ಪಿನ್ ಇರುವುದರಿಂದ ಕೂರುತ್ತದೆ. ಫ್ಯಾಮಿಕಾಂನ ಅಮೆರಿಕದ ಮಾದರಿಯಾದ ಎನ್‌ಇಎಸ್‌ನ ಕ್ಯಾಸೆಟ್‌ಗೆ 72 ಪಿನ್, ಅದು ಕೂರುವುದಿಲ್ಲ. ಕೊಳ್ಳುವಾಗ ಇದನ್ನು ನೋಡದೆ ದುಡ್ಡು ಕೊಡಬೇಡಿ.

ಪಿಎಸ್2: ನನ್ನ ಮೊದಲ ಆಯ್ಕೆ

ಹೊಸದಾಗಿ ಶುರು ಮಾಡುವವರು ಯಾರೇ ಕೇಳಲಿ, ನಾನು ಹೇಳುವುದು ಪಿಎಸ್2, ಅಂದರೆ ಸೋನಿ ಕಂಪನಿಯ ಪ್ಲೇಸ್ಟೇಷನ್ 2. ಜಪಾನಿನಲ್ಲಿ 2000ದ ಮಾರ್ಚ್ 4ರಂದು ಬಂದ ಯಂತ್ರ. ಇಡೀ ಜಗತ್ತಿನಲ್ಲಿ 15 ಕೋಟಿಗೂ ಜಾಸ್ತಿ ಮಾರಾಟವಾಗಿದೆ, ಅದಕ್ಕಿಂತ ಜಾಸ್ತಿ ಮಾರಾಟವಾದ ಕನ್ಸೋಲ್ (ಆಟದ ಸೆಟ್) ಇನ್ನೊಂದಿಲ್ಲ. ಹಾಗಾಗಿ ಸಿಗುತ್ತದೆ, ಬಿಡಿಭಾಗ ಸಿಗುತ್ತದೆ, ಪಿಎಸ್1 ಡಿಸ್ಕೂ ಅದರಲ್ಲೇ ಓಡುತ್ತದೆ. ದಪ್ಪ ಮಾದರಿ ನೋಡಲು ಚೆಂದ, ಒಳಗೆ ಹಾರ್ಡ್ ಡಿಸ್ಕ್ ಹಾಕುವ ಜಾಗ ಇದೆ, ಆದರೆ ಎಷ್ಟೋ ಸೆಟ್‌ಗಳಲ್ಲಿ ಡಿಸ್ಕ್ ಓದುವ ಲೆನ್ಸ್ ಇಷ್ಟು ಹೊತ್ತಿಗೆ ಸೋತಿರುತ್ತದೆ. ತೆಳು ಮಾದರಿಯಲ್ಲಿ ಕೊನೆಯ 90000 ಸರಣಿ ಸಿಕ್ಕರೆ ಅಡಾಪ್ಟರ್ ಒಳಗೇ ಇರುವುದರಿಂದ ಅಡಾಪ್ಟರ್ ಹುಡುಕುವ ತಲೆನೋವಿಲ್ಲ.

ನಮ್ಮಲ್ಲಿ ಆಗ ಓಡಿದ್ದು ಬಹುತೇಕ ನಕಲಿ ಡಿಸ್ಕ್ ಓಡಲಿ ಅಂತ ಚಿಪ್ ಹಾಕಿದ ಸೆಟ್, ಬರೆದುಕೊಟ್ಟ ಡಿಸ್ಕ್. ಸಂಗ್ರಹದ ಲೆಕ್ಕದಲ್ಲಿ ಆ ಡಿಸ್ಕ್‌ಗಳಿಗೆ ಸೊನ್ನೆ ಬೆಲೆ. ಅಸಲಿ ಡಿಸ್ಕ್ ಗುರುತಿಸುವುದು ಕಷ್ಟವಲ್ಲ, ತಿರುಗಿಸಿ ಹಿಂಬದಿ ನೋಡಿ. ಪಿಎಸ್1 ಅಸಲಿ ಡಿಸ್ಕ್ ಹಿಂಬದಿ ಕಪ್ಪು. ಪಿಎಸ್2ರಲ್ಲಿ ಸಿಡಿ ಆದರೆ ನೀಲಿ, ಡಿವಿಡಿ ಆದರೆ ಬೆಳ್ಳಿ ಬಣ್ಣ. ನೇರಳೆ ಛಾಯೆ ಕಂಡರೆ ಮನೆಯಲ್ಲಿ ಬರೆದದ್ದು ಅಂತ ತಿಳಿಯಿರಿ. ಬೆಳಕಿಗೆ ಎದುರಾಗಿ ಹಿಡಿದಾಗ ಸೂಜಿ ಮೊನೆಯಷ್ಟು ತೂತುಗಳಲ್ಲಿ ಬೆಳಕು ಹಾದು ಬಂದರೆ ಲೋಹದ ಪದರ ಹೋಗಿದೆ. ಗೀಚು ಉಜ್ಜಿದರೆ ಹೋದೀತು, ಇದು ಹೋಗುವುದಿಲ್ಲ.

ಪಿಎಸ್2ನಲ್ಲಿ ಭಾರತದವರಿಗೇ ಅಂತ ಒಂದು ಸಣ್ಣ ನಿಧಿ ಇದೆ. 2009ರಲ್ಲಿ ಬಂದ ಹನುಮಾನ್: ಬಾಯ್ ವಾರಿಯರ್ ಹೈದರಾಬಾದಿನಲ್ಲಿ ತಯಾರಾದ ಆಟ, ಪೂರ್ತಿ ಭಾರತದಲ್ಲೇ ಮಾಡಿದ ಮೊದಲ ಕನ್ಸೋಲ್ ಆಟ ಅಂತ ಅದಕ್ಕೆ ಹೆಸರು. ಅದೇ ವರ್ಷ ದೇಸಿ ಅಡ್ಡಾ ಬಂತು, ಅದರಲ್ಲಿ ಕಬಡ್ಡಿ, ಚಿನ್ನಿದಾಂಡು, ಗಾಳಿಪಟ. 2011ರಲ್ಲಿ ರಾ.ಒನ್ ಸಿನಿಮಾದ ಆಟ. ಆಡಲು ಇವು ಅಷ್ಟೇನೂ ಚೆನ್ನಾಗಿಲ್ಲ, ಹನುಮಾನ್ ಆಟದ ನಿಯಂತ್ರಣ ತುಂಬಾ ಒರಟು. ಆದರೆ ನಮ್ಮ ದೇಶದ ಆಟದ ಇತಿಹಾಸ ಅಂತ ಕೈಯಲ್ಲಿ ಹಿಡಿಯಲು ಸಿಗುವ ವಸ್ತು ಇವೇ. ಹೊರದೇಶದಲ್ಲಿ ಇವು ಸುಲಭಕ್ಕೆ ಸಿಗುವುದಿಲ್ಲ. ಡಬ್ಬಿ, ಪುಸ್ತಕ, ಡಿಸ್ಕ್ ಮೂರೂ ಇರುವ ಪ್ರತಿ ಕಂಡರೆ ನಾನು ಎರಡನೇ ಯೋಚನೆ ಮಾಡುವುದಿಲ್ಲ. ಪಿಎಸ್2 ತಯಾರಿಕೆ 2013ರ ಹೊತ್ತಿಗೆ ನಿಂತಿತು. ಇನ್ನು ಸಿಗುವುದೆಲ್ಲ ಯಾರದೋ ಕಪಾಟಿನಿಂದಲೇ ಬರಬೇಕು. ಸಂಗ್ರಹಕ್ಕೆ ಅಂತ ದುಡ್ಡು ಹಾಕುವುದಾದರೆ ಮಾರಿಯೋ, ಪೋಕೆಮಾನ್ ಬಿಟ್ಟು ಇಲ್ಲಿ ಹಾಕಿ.

ಸಿಡಿ ಗೇಮ್ ಮತ್ತು ಕ್ರಿಕೆಟ್ 07

ಸೈಬರ್ ಕೆಫೆಯಲ್ಲಿ ಗಂಟೆಗೆ ದುಡ್ಡು ಕೊಟ್ಟು ಬೆಳೆದವರಿಗೆ ಕನ್ಸೋಲ್‌ಗಿಂತ ಕಂಪ್ಯೂಟರ್ ಆಟವೇ ಹತ್ತಿರ. ಡೇಂಜರಸ್ ಡೇವ್, ಪ್ರಿನ್ಸ್ ಆಫ್ ಪರ್ಶಿಯಾ, ರೋಡ್ ರ‍್ಯಾಶ್, 2000ದಲ್ಲಿ ಬಂದ ಐಜಿಐ, ಆಮೇಲೆ ವೈಸ್ ಸಿಟಿ. ಇವುಗಳ ಅಸಲಿ ಸಿಡಿ ಸಂಗ್ರಹಿಸಬೇಕಾ? ಆಡಲು ಅಂತಾದರೆ ಬೇಡ. 2015ರಲ್ಲಿ ಬಂದ ವಿಂಡೋಸ್ 10 ಸೇಫ್‌ಡಿಸ್ಕ್ ಅನ್ನುವ ಹಳೆ ನಕಲು ತಡೆಯನ್ನು ಕೈಬಿಟ್ಟಿತು. ಅದನ್ನು ನಂಬಿದ್ದ ಅಸಲಿ ಸಿಡಿಗಳು ಹೊಸ ಕಂಪ್ಯೂಟರ್‌ನಲ್ಲಿ ಸೀದಾ ಓಡುವುದಿಲ್ಲ. ದುಡ್ಡು ಕೊಟ್ಟು ಕೊಂಡವರಿಗೇ ಬಾಗಿಲು ಮುಚ್ಚಿತು, ಇದು ನನಗೆ ಈಗಲೂ ಬೇಸರದ ವಿಷಯ. ಇಂಥ ಎಷ್ಟೋ ಆಟಗಳನ್ನು ಗಾಗ್ ಅನ್ನುವ ಡಿಜಿಟಲ್ ಅಂಗಡಿ ಈಗಿನ ವಿಂಡೋಸ್‌ಗೆ ಹೊಂದಿಸಿ, ಬೀಗ ತೆಗೆದು ಮಾರುತ್ತದೆ. ಅಲ್ಲಿ ಕೊಂಡರೆ ಸಲೀಸು.

ಇಎ ಕಂಪನಿಯ ಕ್ರಿಕೆಟ್ 07 ಮಾತ್ರ ಬೇರೆ ಕಥೆ. 2006ರ ಕೊನೆಗೆ ಬಂತು, ಆಮೇಲೆ ಆ ಸರಣಿಯೇ ನಿಂತುಹೋಯಿತು. ಡಿಜಿಟಲ್ ಅಂಗಡಿಗಳಲ್ಲಿ ಅದು ಸಿಗುವುದಿಲ್ಲ. ಮಾರ್ಕ್ ನಿಕೋಲಸ್ ಮತ್ತು ರಿಚಿ ಬೆನೊ ಕಾಮೆಂಟರಿ, ಭಾರತದ ಆಟಗಾರರ ತಿರುಚಿದ ಹೆಸರುಗಳು, ಇವು ನಮ್ಮ ವಯಸ್ಸಿನವರಿಗೆ ಬಾಯಿಪಾಠ. ಇವತ್ತಿಗೂ ಹುಡುಗರು ಹೊಸ ತಂಡ, ಹೊಸ ಜೆರ್ಸಿ ಮಾಡಿ ಅದಕ್ಕೆ ಜೋಡಿಸುತ್ತಲೇ ಇದ್ದಾರೆ. ಅದರ ಅಸಲಿ ಡಬ್ಬಿ, ಪುಸ್ತಕದ ಸಮೇತ ನಿಮ್ಮಲ್ಲಿದ್ದರೆ ಇಟ್ಟುಕೊಳ್ಳಿ. ಕಾನೂನಾಗಿ ಆ ಆಟ ಕೈಗೆ ಸಿಗುವ ದಾರಿ ಹಳೆ ಡಿಸ್ಕ್ ಒಂದೇ.

ಇದು ಕ್ರಿಕೆಟ್ 07ರ ಕಥೆ ಮಾತ್ರ ಅಲ್ಲ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಒಂದು ಅಧ್ಯಯನ ಹೊರತಂದಿತು. ಆ ದೇಶದಲ್ಲಿ ಬಿಡುಗಡೆಯಾದ ಹಳೆ ಆಟಗಳಲ್ಲಿ ಶೇ 87ರಷ್ಟು ಈಗ ಅಂಗಡಿಯಲ್ಲಿ ಕೊಳ್ಳಲು ಸಿಗುವುದೇ ಇಲ್ಲ ಅನ್ನುವುದು ಅದರಲ್ಲಿ ಕಂಡ ವಿಷಯ. ಹಳೆ ಡಿಸ್ಕು, ಕ್ಯಾಸೆಟ್ಟು ಎಸೆಯುವ ಮೊದಲು ಯೋಚಿಸಿ ಅನ್ನುವುದು ಇದಕ್ಕೇ.

ಗೇಮ್ ಬಾಯ್, ಬ್ರಿಕ್ ಗೇಮ್, ಹೊಸ ಚೀನಾ ಹ್ಯಾಂಡ್‌ಹೆಲ್ಡ್

ಗಲ್ಫ್‌ನಲ್ಲಿ ಚಿಕ್ಕಪ್ಪನೋ ಮಾವನೋ ಇದ್ದ ಮನೆಗಳಲ್ಲಿ ಗೇಮ್ ಬಾಯ್, ಅಂದರೆ ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಸೆಟ್ ಇರುತ್ತದೆ. ಅದಕ್ಕೆ ಒಳ್ಳೆ ಬೆಲೆಯೂ ಇದೆ, ಅದರಲ್ಲೂ ಪೋಕೆಮಾನ್ ಕ್ಯಾಸೆಟ್ ಇದ್ದರೆ. ಆದರೆ ನಕಲಿ ಪೋಕೆಮಾನ್ ಎಷ್ಟು ತುಂಬಿದೆ ಅಂದರೆ ಹೊರಗಿನ ಲೇಬಲ್ ನೋಡಿ ನಂಬಲು ಆಗುವುದಿಲ್ಲ. ಹಿಂಬದಿ ಸ್ಕ್ರೂ ಬಿಚ್ಚಲು 3.8 ಮಿಲಿಮೀಟರ್‌ನ ವಿಶೇಷ ಬಿಟ್ ಬೇಕು. ಒಳಗಿನ ಬೋರ್ಡ್ ಮೇಲೆ ನಿಂಟೆಂಡೊ ಹೆಸರು ಅಚ್ಚಾಗಿರಬೇಕು, ಸೇವ್ (ಆಡಿದ್ದು ಎಲ್ಲಿಗೆ ಬಂತು ಅನ್ನುವ ದಾಖಲೆ) ಉಳಿಸುವ ನಾಣ್ಯದಂಥ ಬ್ಯಾಟರಿಯನ್ನು ಬೆಸುಗೆ ಹಾಕಿ ಕೂರಿಸಿರಬೇಕು. ಪೋಕೆಮಾನ್ ಗೋಲ್ಡ್ ಮತ್ತು ಸಿಲ್ವರ್ ಆಟಗಳಲ್ಲಿ ಗಡಿಯಾರವೂ ಅದೇ ಬ್ಯಾಟರಿಯಿಂದ ಓಡುವುದರಿಂದ ಅದು ಬೇಗ ಖಾಲಿ. ಬ್ಯಾಟರಿ ಬದಲಿಸಿದರೆ ಕ್ಯಾಸೆಟ್ ಸರಿ, ಹಳೆ ಸೇವ್ ಮಾತ್ರ ಅಳಿಸಿಹೋಗುತ್ತದೆ. ಚಿಕ್ಕಂದಿನಲ್ಲಿ ಸಾಕಿದ ಪೋಕೆಮಾನ್ ಇನ್ನೂ ಒಳಗೆ ಉಳಿದಿದ್ದರೆ ಮೊದಲು ಸೇವ್ ನಕಲು ಮಾಡುವ ಸಾಧನದಿಂದ ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ, ಆಮೇಲೆ ಬ್ಯಾಟರಿ ಮುಟ್ಟಿ.

ಇಟ್ಟಿಗೆ ಜೋಡಿಸುವ ಆಟದ ಅಗ್ಗದ ಬ್ರಿಕ್ ಗೇಮ್‌ಗೆ ಮರುಮಾರಾಟದ ಬೆಲೆ ಇಲ್ಲ. ಮಕ್ಕಳ ಕೈಗೆ ಕೊಡಿ, ಆಡಲಿ.

ಈಗ ಚೀನಾದಿಂದ ಬರುವ ಸಣ್ಣ ಹ್ಯಾಂಡ್‌ಹೆಲ್ಡ್‌ಗಳು. ಕೈಗೆ ಚೆನ್ನಾಗಿ ಕೂರುತ್ತವೆ, ಪರದೆ ಸುಂದರ, ರೈಲಿನಲ್ಲಿ ಕಾರವಾರದಿಂದ ಮಂಗಳೂರು ಮುಟ್ಟುವ ತನಕ ಬೇಸರವಿಲ್ಲ. ಬರೀ ಆಡಬೇಕು ಅನ್ನುವವರಿಗೆ ಇದಕ್ಕಿಂತ ಅಗ್ಗ ಇಲ್ಲ, ಒಪ್ಪುತ್ತೇನೆ. ಆದರೆ ಜೊತೆಗೆ ಬರುವ ಕಾರ್ಡಿನಲ್ಲಿ ತುಂಬಿರುವ ಸಾವಿರಾರು ಆಟಗಳಿಗೆ ಲೈಸೆನ್ಸ್ ಇರುವುದಿಲ್ಲ, ಆ ಕಾರ್ಡೂ ಕಳಪೆ. ಹತ್ತು ಸಾವಿರ ಆಟ ಇದ್ದರೆ ಯಾವುದನ್ನೂ ಪೂರ್ತಿ ಆಡುವುದಿಲ್ಲ ಅನ್ನುವುದನ್ನೂ ಸುತ್ತಮುತ್ತ ನೋಡಿದ್ದೇನೆ. ಕಾಂಟ್ರಾ ಮಾತ್ರ ಸಾಕು ಅನ್ನುವವರು ಕೊನಾಮಿ 2019ರಲ್ಲಿ ತಂದ ಕಾಂಟ್ರಾ ಆನಿವರ್ಸರಿ ಕಲೆಕ್ಷನ್ ಕೊಳ್ಳಬಹುದು. ಕಂಪ್ಯೂಟರ್‌ನಲ್ಲೇ ಓಡುತ್ತದೆ, ಅಸಲಿ. ಮೇಲೆ ಮೇಲೆ ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಬಿ ಎ ಒತ್ತಿದರೆ 30 ಜೀವ ಅದರಲ್ಲೂ ಬರುತ್ತದೆ.

ನಮ್ಮ ಮಳೆ, ನಮ್ಮ ಗಾಳಿ

ಬೆಂಗಳೂರಿನವರಿಗೆ ಬೇಡದ ಚಿಂತೆ ನಮಗೆ ಬೇಕು. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಉಪ್ಪು ಗಾಳಿ ಇಲ್ಲ, ಬೂಷ್ಟು ಇದೆ. ಆಷಾಢದಲ್ಲಿ ಚಪ್ಪಲಿಗೂ ಬೆಲ್ಟಿಗೂ ಬರುವ ಬೂಷ್ಟು ಡಬ್ಬಿಗೂ ಪುಸ್ತಕಕ್ಕೂ ಬರುತ್ತದೆ. ಸಂಗ್ರಹದ ಬೆಲೆ ಇರುವುದೇ ಡಬ್ಬಿ ಮತ್ತು ಪುಸ್ತಕದಲ್ಲಿ, ಅದು ಹಾಳಾದರೆ ಉಳಿದದ್ದು ಬಿಡಿ ಡಿಸ್ಕ್ ಮಾತ್ರ. ಇದಕ್ಕೇ ಕಾಗದದ ಡಬ್ಬಿಯ ಆಟಗಳಿಗಿಂತ ಪ್ಲಾಸ್ಟಿಕ್ ಡಬ್ಬಿಯ ಪಿಎಸ್2 ಆಟ ನಮ್ಮ ಊರಿಗೆ ಹೊಂದುತ್ತದೆ ಅನ್ನುವುದು.

ಗಾಳಿಯಾಡದ ಪ್ಲಾಸ್ಟಿಕ್ ಪೆಟ್ಟಿಗೆ ತಗೊಳ್ಳಿ, ಬಣ್ಣ ಬದಲಾಯಿಸುವ ಸಿಲಿಕಾ ಜೆಲ್ ಹಾಕಿ. ಮೇ ತಿಂಗಳ ಒಣ ದಿನ ಮುಚ್ಚಿ, ಬಣ್ಣ ತಿರುಗಿದಾಗ ಜೆಲ್ ಬಿಸಿ ಮಾಡಿ ಮತ್ತೆ ಹಾಕಿ. ಬಚ್ಚಲ ಒಲೆ ಹತ್ತಿರದ ಅಟ್ಟ ಬೇಡ, ಒಣಗಿರುತ್ತದೆ ನಿಜ, ಆದರೆ ಹೊಗೆಯ ಮಸಿ ಲೆನ್ಸಿಗೆ ಕೂರುತ್ತದೆ. ಕಿಟಕಿ ಬಿಸಿಲೂ ಬೇಡ, ಬೂದು ಬಣ್ಣದ ಹಳೆ ಪ್ಲಾಸ್ಟಿಕ್ ಬಿಸಿಲಿಗೆ ಹಳದಿಗಟ್ಟುತ್ತದೆ. ಆಟಿಕೆಯೊಳಗಿನ ಶೆಲ್ಲುಗಳನ್ನು ತೆಗೆದಿಡಿ, ಸೋರಿದರೆ ಸ್ಪ್ರಿಂಗ್ ತಿಂದುಹಾಕುತ್ತದೆ. ಮುಂಗಾರಿಗೆ ಮುಂಚಿನ ಸಿಡಿಲಿನ ಸಂಜೆಗಳಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿಡಿ. ಟಿವಿಯ ಕೇಬಲ್ ಕೂಡ.

ಮಾರುವುದೇ ಆದರೆ

ಗುಜರಿಯವರ ತಕ್ಕಡಿಗೆ ಹಾಕಬೇಡಿ. ಹೆಸರು, ಮಾದರಿ ಸಂಖ್ಯೆ ಬರೆದು, ಪ್ರತಿ ಮುಖದ ಫೋಟೋ ತೆಗೆದು, ಓಡುತ್ತಿರುವ ವಿಡಿಯೋ ಸೇರಿಸಿ ಆನ್‌ಲೈನ್‌ನಲ್ಲಿ ಹಾಕಿ. ಪ್ರೈಸ್‌ಚಾರ್ಟಿಂಗ್ ಅನ್ನುವ ತಾಣದಲ್ಲಿ ಬಿಡಿ ಪ್ರತಿ, ಡಬ್ಬಿ ಸಮೇತದ್ದು, ಹೊಸದು ಅಂತ ಬೇರೆ ಬೇರೆ ಬೆಲೆ ಕಾಣುತ್ತದೆ. ಅದು ಅಮೆರಿಕದ ಮಾರುಕಟ್ಟೆಯದ್ದು, ಇಲ್ಲಿ ಅಷ್ಟು ಬರುವುದಿಲ್ಲ, ಒಂದು ಅಂದಾಜಿಗೆ ಸಾಕು. ಅಂಚೆಗೆ ಕೊಡುವಾಗ ಡಿಸ್ಕ್ ಡಬ್ಬಿಯೊಳಗೆ ಕಳಚಿ ಅಲುಗಾಡದಂತೆ ನೋಡಿ, ಪೆಟ್ಟಿಗೆಗೆ ಹೊರಗಿನಿಂದ ಪ್ಲಾಸ್ಟಿಕ್ ಸುತ್ತಿ. ಮಳೆಗಾಲದಲ್ಲಂತೂ ಎರಡು ಸುತ್ತು.

ಇನ್ನು ಡಬ್ಬದಂಥ ಹಳೆ ಟಿವಿ. ಹಳೆ ಗೇಮ್ ಸೆಟ್ ಇಟ್ಟುಕೊಳ್ಳುವವರು ಅದನ್ನೂ ಇಟ್ಟುಕೊಳ್ಳಿ. ಡಕ್ ಹಂಟ್‌ನ ಪಿಸ್ತೂಲು ಚಪ್ಪಟೆ ಟಿವಿಯಲ್ಲಿ ಕೆಲಸ ಮಾಡುವುದಿಲ್ಲ. ಗುಂಡಿ ಒತ್ತಿದ ಕ್ಷಣ ಪರದೆ ಕಪ್ಪಾಗಿ, ಬಾತುಕೋಳಿ ಇದ್ದಲ್ಲಿ ಬಿಳಿ ಚೌಕ ಮಿಂಚುತ್ತದೆ. ಆ ಬೆಳಕನ್ನು ಪಿಸ್ತೂಲಿನ ಕಣ್ಣು ಹಿಡಿಯಬೇಕು. ಚಪ್ಪಟೆ ಟಿವಿ ಚಿತ್ರ ತೋರಿಸುವುದರಲ್ಲಿ ಚೂರು ತಡ ಮಾಡುತ್ತದೆ, ಅಷ್ಟರಲ್ಲಿ ಸಮಯ ಮೀರಿರುತ್ತದೆ. ಎವಿಯಿಂದ ಎಚ್‌ಡಿಎಂಐಗೆ ಬದಲಿಸುವ ಅಗ್ಗದ ಡಬ್ಬಿ ಹಾಕಿದರೆ ತಡ ಇನ್ನೂ ಜಾಸ್ತಿ, ಮಾರಿಯೋ ಹಾರುವುದೂ ತಪ್ಪುತ್ತದೆ. 14 ಇಂಚಿನದ್ದು ಸಿಕ್ಕರೆ ಅದೇ ಸಾಕು, ಒಬ್ಬರೇ ಎತ್ತಬಹುದು, ಮೇಜಿನ ಮೇಲೆ ಕೂರುತ್ತದೆ. ಕೊಳ್ಳುವ ಮೊದಲು ಹಿಂಬದಿ ಹಳದಿ ಎವಿ ತೂತು ಇದೆಯಾ ನೋಡಿ, ಅರ್ಧ ಗಂಟೆ ಚಾಲೂ ಇಟ್ಟು ಬಣ್ಣ ಮೂಲೆಯಲ್ಲಿ ಕೆಡುತ್ತದಾ ಅಂತ ಪರೀಕ್ಷಿಸಿ. ಒಳಗೆ ಮಾತ್ರ ನೀವೇ ಕೈ ಹಾಕಬೇಡಿ, ಪ್ಲಗ್ ಕಿತ್ತ ಮೇಲೂ ಪಿಕ್ಚರ್ ಟ್ಯೂಬ್‌ನಲ್ಲಿ ಹೈ ವೋಲ್ಟೇಜ್ ಉಳಿದಿರುತ್ತದೆ. ಹಳೆ ಟಿವಿ ಮೆಕ್ಯಾನಿಕ್‌ಗಳು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ, ಅವರಿಗೇ ತೋರಿಸಿ.